ಚಹಾ ಹಡಗಿನ ಅಡ್ಡಕೋಲುಗಳು

ಮಕ್ಕಳೇ, ನಮ್ಮ ಮನೆಯಲ್ಲಿ ಟಿ.ವಿ.ಯ ಮೇಲಿನ ಹಲಗೆಯಲ್ಲಿ ಒಂದು ಮರದ ಹಡಗು ಇದೆಯಲ್ಲ, ಅದಕ್ಕೆ ಕಂಬಗಳಿಲ್ಲ, ಹಾಯಿಯೂ ಇಲ್ಲ. ಕಂಬ ಇರಬೇಕಾದ ಕಡೆ ಮೂರು ತೂತುಗಳಿವೆ. ಹೋದ ತಿಂಗಳು ನಿಮ್ಮಲ್ಲಿ ಸಣ್ಣವಳು ಕುರ್ಚಿ ಹತ್ತಿ ಆ ತೂತಿಗೆ ಪೆನ್ಸಿಲ್ ಸಿಕ್ಕಿಸಲು ಹೊರಟಾಗ ನಿಮ್ಮ ಮಮ್ಮಿ ಹೇಳಿದಳು: "ಮುಟ್ಟಬೇಡ. ನಿನ್ನಷ್ಟಿರುವಾಗ ನಾನು ಮುಟ್ಟಿ ಹಾಳು ಮಾಡಿ ಆಗಿದೆ. ಒಂದು ಮನೆಗೆ ಒಬ್ಬಳು ಸಾಕು." ನೀವಿಬ್ಬರೂ ನಕ್ಕಿರಿ. ಅವಳೂ ನಕ್ಕಳು. ನಾನು ಅಲ್ಲೇ ಕೂತು ಅಲಸಂಡೆ ಮುರಿಯುತ್ತಿದ್ದೆ. ತಲೆ ಎತ್ತಲಿಲ್ಲ.

ಹಡಗನ್ನು ಹಾಳು ಮಾಡಿದ್ದು ಅವಳಲ್ಲ, ನಾನು.

ಎದುರು ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಸಣ್ಣಂದಿನಿಂದಲೂ ನನಗೆ ಹೀಗೆ, ಮಾತು ಗಂಟಲಿನವರೆಗೆ ಬಂದು ವಾಪಸು ಹೋಗುತ್ತದೆ. ಮನೆಮಾತು ಕೊಂಕಣಿಯಾದರೂ ಬರೆಯಲು ಬರುವುದು ಕನ್ನಡ ಮಾತ್ರ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದು. ಹಾಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಆಗ ನಾವು ಸೌದಿಯಲ್ಲಿ, ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿದ್ದೆವು. ಮೂರನೆಯ ಮಹಡಿ, ಎರಡು ಕೋಣೆ, ಒಂದು ಹಾಲ್. ನಿಮ್ಮ ಅಜ್ಜ ಬಂದರಿನ ಒಂದು ಗೋಡೌನಿನಲ್ಲಿ ಕ್ಲಾರ್ಕ್. ನಿಮ್ಮ ಮಮ್ಮಿಗೆ ಆರು ವರ್ಷ, ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನ ಬಂದು ಉಂಡು ಮಲಗುತ್ತಿದ್ದಳು. ನಾನು ಒಬ್ಬಳೇ ಹೊರಗೆ ಹೋಗುವುದು ಇರಲೇ ಇಲ್ಲ. ಕೆಳಗಿನ ಮಹಡಿಯಲ್ಲಿ ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಇದ್ದರು. ಅವರು ಮೇಲೆ ಬಂದರೆ ನನಗೆ ಮಾತು, ಇಲ್ಲದಿದ್ದರೆ ಇಲ್ಲ.

ನಿಮ್ಮ ಅಜ್ಜನ ಅಪ್ಪ ಹೊಳೆಬದಿಯಲ್ಲಿ ಮಂಜಿ ಕಟ್ಟುವ ಆಚಾರಿಗಳ ಜೊತೆ ದುಡಿದವರು. ಮಂಜಿ ಎಂದರೆ ಹಿಂದೆ ನಮ್ಮ ಕಡೆಯಿಂದ ಬೊಂಬಾಯಿಗೆ ಹೆಂಚು ಹೊತ್ತು ಹೋಗುತ್ತಿದ್ದ ಹಾಯಿಯ ಹಡಗು. ಹಾಗಾಗಿ ಅಜ್ಜನ ಕೈಗೆ ಮರ ಸಿಕ್ಕಿದರೆ ಸುಮ್ಮನೆ ಇರುತ್ತಿರಲಿಲ್ಲ. ಬಂದರಿಗೆ ಬಂದಿದ್ದ ಯಾವುದೋ ಹಡಗಿನ ಮುದಿ ಅಧಿಕಾರಿಯೊಬ್ಬ ಊರಿಗೆ ಹೋಗುವಾಗ ಅವರಿಗೆ ಒಂದು ಸುರುಳಿ ನಕ್ಷೆ ಮತ್ತು ಚಿತ್ರಗಳಿದ್ದ ಒಂದು ಹಳೆಯ ಪುಸ್ತಕ ಕೊಟ್ಟು ಹೋಗಿದ್ದ. ನೂರು ವರ್ಷಕ್ಕೂ ಹಿಂದೆ ಚೀನಾದಿಂದ ಲಂಡನ್ನಿಗೆ ಚಹಾ ಒಯ್ಯುತ್ತಿದ್ದ ಹಡಗಿನ ನಕ್ಷೆ ಅದು. ಅಜ್ಜ ಅದನ್ನು ಹಾಲಿನ ನೆಲದಲ್ಲಿ ಬಿಡಿಸಿ ನಾಲ್ಕು ಮೂಲೆಗೆ ನನ್ನ ನಾಲ್ಕು ಸ್ಟೀಲಿನ ಲೋಟ ಇಟ್ಟರು. ಆ ಸಂಜೆ ನಾವು ಬಟ್ಟಲಿನಲ್ಲಿ ಚಹಾ ಕುಡಿದೆವು.

ಮರಕ್ಕೆ ದುಡ್ಡು ಹಾಕಲಿಲ್ಲ. ಗೋಡೌನಿಗೆ ಆಗ ಚಹಾಪುಡಿ ಪ್ಲೈವುಡ್ಡಿನ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಒಡೆದ ಪೆಟ್ಟಿಗೆಗಳನ್ನು ಕೇಳಿ ತಂದು, ಬಿಸಿನೀರಿನಲ್ಲಿ ನೆನೆಸಿ, ಪದರ ಬಿಡಿಸಿ, ಹಡಗಿನ ಮೈ ಕಟ್ಟಿದರು. ಕಂಬಗಳಿಗೆ ಬಿದಿರು. ಹಾಯಿ ತೂಗಲು ಕಂಬಕ್ಕೆ ಅಡ್ಡ ಬರುವ ಕೋಲುಗಳಲ್ಲಿ ದೊಡ್ಡವು ಬಿದಿರಿನದ್ದು, ಸಣ್ಣವು ನಾನು ಕಸ ಗುಡಿಸಲು ಊರಿಂದ ಕಟ್ಟಿಕೊಂಡು ಬಂದ ತೆಂಗಿನ ಹಿಡಿಸೂಡಿಯ ಕಡ್ಡಿಗಳು. ಒಂದೊಂದು ಕಂಬಕ್ಕೆ ಐದು ಅಡ್ಡಕೋಲು, ಮೂರು ಕಂಬಕ್ಕೆ ಹದಿನೈದು. ಪ್ರತಿಯೊಂದನ್ನೂ ನಡುವೆ ದಪ್ಪ, ತುದಿಗೆ ಸಪೂರ ಆಗುವಂತೆ ಗಾಜಿನ ಚೂರಿನಿಂದ ಕೆರೆದು, ಮೇಲೆ ಪೆನ್ಸಿಲಿನಲ್ಲಿ ನಂಬರು ಬರೆದರು. ಹಗ್ಗಕ್ಕೆ ನನ್ನ ಹೊಲಿಗೆಯ ನೂಲು, ಮೇಣದಬತ್ತಿ ಉಜ್ಜಿದ್ದು. ನೂಲು ಹುರಿಮಾಡುವುದು ನನ್ನ ಕೆಲಸ. ಸಣ್ಣ ಸಣ್ಣ ತೂತುಗಳಲ್ಲಿ ನೂಲು ಪೋಣಿಸುವುದು ನಿಮ್ಮ ಮಮ್ಮಿಯ ಕೆಲಸ. ಅವಳ ಬೆರಳು ಹೋಗುವಲ್ಲಿ ನಮ್ಮ ಬೆರಳು ಹೋಗುತ್ತಿರಲಿಲ್ಲ. ಅಜ್ಜ ಅವಳನ್ನು "ಕಪ್ತಾನ" ಎಂದು ಕರೆಯುತ್ತಿದ್ದರು. "ಕಪ್ತಾನ, ಇಲ್ಲೊಂದು ಗಂಟು ಹಾಕ್ಬೇಕಲ್ಲ" ಎಂದರೆ ಅವಳು ಹೋಂವರ್ಕ್ ಬಿಟ್ಟು ಓಡಿ ಬರುತ್ತಿದ್ದಳು.

ಕೆಲಸ ಮಾಡುತ್ತಾ ಅವರು ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದರು. ಚೀನಾದ ಹೊಳೆಯಲ್ಲಿ ಹಡಗುಗಳು ಹೊಸ ಚಹಾಕ್ಕೆ ಕಾಯುತ್ತಾ ಸಾಲಾಗಿ ನಿಲ್ಲುತ್ತಿದ್ದವಂತೆ. ತಳದಲ್ಲಿ ಜಲ್ಲಿಕಲ್ಲು ಹರಡಿ, ಅದರ ಮೇಲೆ ಚಹಾದ ಪೆಟ್ಟಿಗೆಗಳನ್ನು ಮರದ ಸುತ್ತಿಗೆಯಿಂದ ಬಡಿದು ಬಡಿದು, ಕಡ್ಡಿ ತೂರದ ಹಾಗೆ ಜೋಡಿಸುತ್ತಿದ್ದರಂತೆ. ಆಮೇಲೆ ನೂರು ದಿನದ ಓಟ. ಮೊದಲು ಮುಟ್ಟಿದ ಹಡಗಿನ ಚಹಾಕ್ಕೆ ಒಳ್ಳೆಯ ಬೆಲೆ. ಆ ಹೆದರಿಕೆಗೆ ಕಪ್ತಾನ ಮಂಚದಲ್ಲಿ ಮಲಗುತ್ತಲೇ ಇರಲಿಲ್ಲವಂತೆ, ಮೇಲೆ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚುವುದು. ಗಾಳಿ ಸ್ವಲ್ಪ ತಿರುಗಿದರೂ ನಾವಿಕರು ಕಂಬ ಹತ್ತಬೇಕು. ಅಡ್ಡಕೋಲಿನ ಕೆಳಗೆ ಒಂದು ಹಗ್ಗ, ಅದರ ಮೇಲೆ ಕಾಲು, ಕೋಲಿನ ಮೇಲೆ ಹೊಟ್ಟೆ, ಕೈಯಲ್ಲಿ ಒದ್ದೆ ಹಾಯಿ. ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ನಿದ್ದೆ, ಅದೂ ಪೂರ್ತಿ ಸಿಕ್ಕಿದರೆ.

"ಪಪ್ಪ, ಅವರು ಸೂಸು ಎಲ್ಲಿ ಮಾಡ್ತಿದ್ರು?"

"ಮುಂದಿನ ಮೂತಿಯ ಹತ್ತಿರ ಹೋಗಿ ಸಮುದ್ರಕ್ಕೆ."

"ಎಲ್ಲರೂ ನೋಡುವಾಗ?"

"ಕಪ್ತಾನನಿಗೆ ಮಾತ್ರ ಬೇರೆ ಕೋಣೆ ಉಂಟು. ನೀನು ಹೆದರಬೇಡ."

ನಾನು ಕೇಳಿದೆ, ಅಷ್ಟು ಜೀವ ಒತ್ತೆಯಿಟ್ಟು ತಂದ ಚಹಾ ಕುಡಿಯುವವರು ಯಾರು ಎಂದು. "ಲಂಡನ್ನಿನ ದೊರೆಗಳು, ಮಾರಾಯ್ತಿ. ನಿನ್ನ ಹಾಗೆ ಪುಡಿಯನ್ನು ಕಷಾಯ ಮಾಡಿ ಕೊಲ್ಲುವವರಲ್ಲ" ಎಂದರು.

ಶುಕ್ರವಾರ ಸಂಜೆ ಕಡಲಬದಿಯ ಕಾರ್ನಿಶ್ ರಸ್ತೆಗೆ ಹೋದಾಗ ಅವರು ಸಮುದ್ರ ತೋರಿಸಿ ಹೇಳುವುದಿತ್ತು: "ನೋಡು, ನಮ್ಮ ಹಡಗನ್ನು ಮುಗಿಸಿದ್ದು ಈ ನೀರು." ಅತ್ತ ಸುಯೆಜ್ ಕಾಲುವೆ ತೆರೆದ ಮೇಲೆ ಆವಿ ಹಡಗುಗಳು ಈ ಕೆಂಪು ಸಮುದ್ರದಲ್ಲಿ ಹಾದು ಅರ್ಧ ಸಮಯದಲ್ಲಿ ಚಹಾ ಮುಟ್ಟಿಸತೊಡಗಿದವಂತೆ. ಗಾಳಿಯನ್ನು ನಂಬಿದ ಹಡಗಿಗೆ ಈ ದಾರಿ ಆಗದು. ಅದು ಆಫ್ರಿಕ ಸುತ್ತಿಯೇ ಹೋಗಬೇಕು. ಕಡೆಗೆ ಚಹಾ ಬಿಟ್ಟು ಉಣ್ಣೆ, ಕಲ್ಲಿದ್ದಲು ಹೊತ್ತು ಮುದಿಯಾದವು ಎಂದರು. ಹೇಳುವಾಗ ಅವರಿಗೆ ನಿಜವಾಗಿ ಬೇಸರ ಆಗುತ್ತಿತ್ತು.

ಇನ್ನು ನಾನು ಮಾಡಿದ್ದನ್ನು ಬರೆಯಬೇಕು.

ಹತ್ತು ತಿಂಗಳಿನಲ್ಲಿ ಹಡಗಿಗೆ ಮೂರು ಕಂಬ ನಿಂತವು, ಹದಿನೈದು ಅಡ್ಡಕೋಲೂ ಏರಿದವು. ಹಾಯಿ ಮಾತ್ರ ಬಾಕಿ. ಅದಕ್ಕೆ ನನ್ನ ಹಳೆಯ ಬಿಳಿ ಪೆಟಿಕೋಟು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೆ. ಬೆಳಕು ಬೇಕೆಂದು ಹಡಗಿನ ಮೇಜು ಕಿಟಕಿಯ ಬದಿಯಲ್ಲಿತ್ತು. ಕೆಳಗಿನ ಮನೆಯ ಆ ಹೆಂಗಸು ಒಂದು ದಿನ ತಿನ್ನಲು ಪತ್ರೊಡೆ ತಂದವರು ಹಡಗನ್ನು ನೋಡಿ ನಿಂತರು. "ಎಂತ ಅಕ್ಕ, ಕಿಟಕಿಯಲ್ಲಿ ಇಗರ್ಜಿ ಕಟ್ಟಿದ್ದೀರಾ? ಒಂದಲ್ಲ, ಮೂರು ಶಿಲುಬೆ" ಎಂದು ನಕ್ಕರು. ಅವರದ್ದು ಬರೀ ತಮಾಷೆ. ಹೋಗುವಾಗ ಹಡಗು ಚೆಂದ ಉಂಟು ಎಂದೂ ಹೇಳಿ ಹೋದರು.

ನನಗೆ ಮಾತ್ರ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಊರಿಂದ ಬರುವಾಗಲೇ ಅಜ್ಜ ಪತ್ರದಲ್ಲಿ ಬರೆದಿದ್ದರು, ಕೊರಳಿನ ಶಿಲುಬೆ ತೆಗೆದು ಊರಲ್ಲೇ ಇಟ್ಟು ಬಾ, ಇಲ್ಲಿ ಅದನ್ನು ಹೊರಗೆ ಕಾಣಿಸುವ ಹಾಗಿಲ್ಲ ಎಂದು. ನಮ್ಮ ಜಪಸರ ಅಕ್ಕಿಯ ಡಬ್ಬಿಯಲ್ಲಿ ಇರುತ್ತಿತ್ತು. ನಮ್ಮ ಕ್ರೈಸ್ತರು ಸೇರಿದಾಗ ಯಾರೋ ಯಾರದ್ದೋ ಮನೆಯ ಸುದ್ದಿ ಹೇಳುವರು, ಪ್ರಾರ್ಥನೆ ಮಾಡಿದ್ದಕ್ಕೆ ಪೊಲೀಸರು ಹಿಡಿದು ಊರಿಗೆ ಕಳಿಸಿದರಂತೆ ಎಂದು. ನಿಜವೋ ಸುಳ್ಳೋ ನನಗೆ ಇಂದಿಗೂ ಗೊತ್ತಿಲ್ಲ. ನಮಗೆ ಯಾರೂ ಒಂದು ಮಾತು ಅಂದವರಿಲ್ಲ. ಆದರೆ ಆ ದಿನದಿಂದ ಹಡಗನ್ನು ನೋಡಿದರೆ ನನಗೆ ಹಡಗು ಕಾಣಲೇ ಇಲ್ಲ. ಶುಭ ಶುಕ್ರವಾರದ ಮೂರು ಶಿಲುಬೆಗಳ ಗುಡ್ಡೆ ಕಾಣುತ್ತಿತ್ತು, ನಡುವೆ ದೊಡ್ಡದು, ಆಚೆ ಈಚೆ ಎರಡು. ಅಜ್ಜನಿಗೆ ಹೇಳಬೇಕಿತ್ತು. ಹೇಳಿದರೆ ನಗುತ್ತಾರೆ ಎಂದು ಸುಮ್ಮನಾದೆ.

ನಾಲ್ಕೈದು ದಿನ ಬಿಟ್ಟು ಒಂದು ಮಧ್ಯಾಹ್ನ, ನಿಮ್ಮ ಮಮ್ಮಿ ಉಂಡು ಒಳಗೆ ಮಲಗಿದ್ದಳು. ಹಾರಿಸ್ ಬಾಗಿಲು ತಟ್ಟಿದ. ಕಟ್ಟಡ ಕಾಯುವವನನ್ನು ಅಲ್ಲಿ ಹಾರಿಸ್ ಎನ್ನುವುದು. ಬಾಗಿಲ ಸಂದಿಯಲ್ಲೇ ಅರ್ಧ ಹಿಂದಿಯಲ್ಲಿ ಹೇಳಿದ, ಸಂಜೆಗೆ ಮೊದಲಿನ ಅಸರ್ ನಮಾಜು ಮುಗಿದ ಮೇಲೆ ಕಟ್ಟಡದ ಯಜಮಾನ ನಿಮ್ಮ ಮನೆಗೆ ಬರುತ್ತಾನೆ ಎಂದು. ಯಾಕೆ ಎಂದು ನಾನು ಕೇಳಲಿಲ್ಲ. ಪರಗಂಡಸಿನೊಡನೆ ಒಂದು ಪ್ರಶ್ನೆ ಕೇಳಲು ನನಗೆ ಬಾಯಿ ಬರಲಿಲ್ಲ. ಕಿಟಕಿಯ ಮೂರು ಶಿಲುಬೆ ಯಜಮಾನನ ಕಣ್ಣಿಗೂ ಬಿದ್ದಿರಬೇಕು ಎಂದೇ ನನಗೆ ತೋರಿತು. ಹಾಲಿನಲ್ಲಿ ಫೋನ್ ಇತ್ತು. ಅಜ್ಜನ ಆಫೀಸಿಗೆ ಮಾಡಿದರೆ ಬೇರೆ ಯಾರೋ ಎತ್ತಿ ಇಂಗ್ಲಿಷಿನಲ್ಲೋ ಅರಬಿಯಲ್ಲೋ ಮಾತಾಡುತ್ತಾರೆ. ಎರಡು ಸಲ ರಿಸೀವರ್ ಎತ್ತಿ ಇಟ್ಟೆ. ಇಳಿದು ಹೋಗಿ ಕೆಳಗಿನ ಮನೆಯವರನ್ನಾದರೂ ಕೇಳಬಹುದಿತ್ತು, ಹನ್ನೆರಡು ಮೆಟ್ಟಿಲು ಅಷ್ಟೇ. ಹೋಗಲಿಲ್ಲ.

ಒಳಗೆ ಅಡಗಿಸೋಣವೆಂದರೆ ಹಡಗನ್ನು ಮೇಜಿಗೆ ಬಿಗಿದಿದ್ದರು, ಮೇಜು ಕೋಣೆಯ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಹಡಗಿನ ಮೇಲೆ ಮಂಚದ ಹೊದಿಕೆ ಹಾಕಿದೆ. ನೇರಳೆ ಬಣ್ಣದ್ದು, ಕೈಗೆ ಸಿಕ್ಕಿದ್ದು ಅದೇ. ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ. ಶುಭ ಶುಕ್ರವಾರಕ್ಕೆ ಮೊದಲಿನ ತಪಸ್ಸುಕಾಲದಲ್ಲಿ ನಮ್ಮ ಊರಿನ ಇಗರ್ಜಿಯಲ್ಲಿ ಶಿಲುಬೆಗಳಿಗೆ ನೇರಳೆ ಬಟ್ಟೆ ಮುಚ್ಚುತ್ತಾರಲ್ಲ, ಹಾಗೆಯೇ ನಿಂತಿತ್ತು. ಮುಚ್ಚಿದ ಮೇಲೆ ಇನ್ನೂ ಹೆಚ್ಚು ಶಿಲುಬೆ.

ಹೊಲಿಗೆಯ ಕತ್ತರಿ ತಂದೆ. ಅಡ್ಡಕೋಲುಗಳನ್ನು ಮಾತ್ರ ಬಿಚ್ಚಿ ಆಮೇಲೆ ಕಟ್ಟಿಕೊಟ್ಟರಾಯಿತು ಎಂದುಕೊಂಡದ್ದು. ಗಂಟುಗಳು ಸಣ್ಣವು, ನಿಮ್ಮ ಮಮ್ಮಿ ಹಾಕಿದ ಗಂಟುಗಳು, ನನ್ನ ಉಗುರಿಗೆ ಸಿಗಲಿಲ್ಲ. ಕತ್ತರಿಸಿದೆ. ಒಂದು ನೂಲು ಕಡಿದರೆ ಇನ್ನೊಂದು ಸಡಿಲ. ಹತ್ತು ತಿಂಗಳು ಬಿಗಿದದ್ದು ಹತ್ತು ನಿಮಿಷದಲ್ಲಿ ಜೋತುಬಿತ್ತು. ಅವಸರದಲ್ಲಿ ಎಳೆದಾಗ ನಡುವಿನ ಕಂಬ ಬುಡದಲ್ಲಿ ಲಟಕ್ಕೆಂದು ಮುರಿಯಿತು. ಮತ್ತೆ ನನಗೆ ಎಂತಾಯಿತೋ, ಉಳಿದ ಎರಡನ್ನೂ ಕಿತ್ತೆ. ಕಂಬದ ಚೂರು, ನೂಲು ಎಲ್ಲ ಕಸದ ಚೀಲಕ್ಕೆ ತುಂಬಿ ಹೊರಗೆ ಇಟ್ಟೆ. ಹದಿನೈದು ಅಡ್ಡಕೋಲುಗಳನ್ನು ಮಾತ್ರ ಎಸೆಯಲು ಕೈ ಬರಲಿಲ್ಲ. ಹಾಯಿಗೆಂದು ಇಟ್ಟಿದ್ದ ಪೆಟಿಕೋಟಿನಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿ, ಜಪಸರದ ಕೆಳಗೆ ಹುಗಿದೆ. ಕತ್ತರಿ ಮೇಜಿನ ಮೇಲೆ ಮರೆತೆ.

ನಮಾಜು ಮುಗಿದು ಸ್ವಲ್ಪ ಹೊತ್ತಿಗೆ ಬೀಗ ತಿರುಗಿದ ಶಬ್ದ. ಅಜ್ಜನೇ ಯಜಮಾನನನ್ನು ಕರೆದುಕೊಂಡು ಬಂದಿದ್ದರು. ನಾನು ಅಡುಗೆಮನೆಯ ಪರದೆಯ ಹಿಂದೆ ಸರಿದೆ. ಬಿಳಿ ಗಡ್ಡದ ಮುದುಕ, ಕೈಯಲ್ಲಿ ಅಲ್ ಅಹ್ಸಾದ ಖರ್ಜೂರದ ಪೆಟ್ಟಿಗೆ. ಅಜ್ಜ ಹೋದ ವಾರ ಅವನಿಗೆ ಹಡಗಿನ ವಿಷಯ ಹೇಳಿದ್ದರಂತೆ. ಅವನ ತಂದೆಯೂ ಹಾಯಿಯ ದೋಣಿಯವನಂತೆ. ಅವನು ಬಂದದ್ದು ಹಡಗು ನೋಡಲು. ಅಷ್ಟೇ, ಬೇರೆ ಏನೂ ಅಲ್ಲ.

ಅದೇ ಹೊತ್ತಿಗೆ ನಿಮ್ಮ ಮಮ್ಮಿ ನಿದ್ದೆಯಿಂದ ಎದ್ದು ಬಂದು ಮೇಜಿನ ಹತ್ತಿರ ನಿಂತಿದ್ದಳು. ಮೇಜಿನ ಮೇಲೆ ಬೋಳು ಹಡಗು. ಅವಳ ಕೈಯಲ್ಲಿ ಒಂದು ತುಂಡು ನೂಲು ಮತ್ತು ನನ್ನ ಕತ್ತರಿ.

ಅಜ್ಜ ಅವಳನ್ನು ನೋಡಿದರು. ಮತ್ತೆ ಪರದೆಯ ಕಡೆ ತಿರುಗಿ, ಮೆಲ್ಲಗೆ, "ಎಂತ ಇದು?" ಎಂದರು.

"ನಾನು ಅಡುಗೆಮನೆಯಲ್ಲಿದ್ದೆ" ಎಂದೆ.

ನಾನು ಹೇಳಿದ್ದು ಇಷ್ಟೇ. ಇದರಲ್ಲಿ ಸುಳ್ಳು ಇಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮುದುಕ ಹಡಗಿನ ಮೈಯನ್ನು ತುದಿಯಿಂದ ತುದಿಗೆ ಸವರಿದ. ಅರಬಿಯಲ್ಲಿ ಏನೋ ಹೇಳಿದ, ಅಜ್ಜ ಆಮೇಲೆ ಅದನ್ನು ಹೇಳಿದರು. ಅವನ ತಂದೆಯ ದೋಣಿಗೆ ಒಮ್ಮೆ ಬಿರುಗಾಳಿಯಲ್ಲಿ ಕಂಬ ಹೋಗಿತ್ತಂತೆ, ಹುಟ್ಟುಕೋಲಿಗೆ ಡೇರೆಯ ಬಟ್ಟೆ ಕಟ್ಟಿಕೊಂಡು ಊರು ಮುಟ್ಟಿದರಂತೆ. "ಚಹಾದ ಹಡಗಿಗೂ ಹಾಗೆ ಆಗುವುದಿತ್ತು" ಎಂದು ಅಜ್ಜ ನಗಲು ನೋಡಿದರು. ಮುದುಕ ನಿಮ್ಮ ಮಮ್ಮಿಯ ಕೈಗೆ ಒಂದು ಖರ್ಜೂರ ಇಟ್ಟ. ಅವಳು ತಿನ್ನಲಿಲ್ಲ. ನಾನು ಪರದೆಯ ಸಂದಿಯಿಂದ ಚಹಾ ಕೊಟ್ಟೆ.

ಅವನು ಹೋದ ಮೇಲೆ ಅಜ್ಜ ಅವಳ ಎದುರು ಮೊಣಕಾಲೂರಿ ಕೂತರು. ಹೊಡೆಯಲಿಲ್ಲ. ಬೈದರೂ ಆಗುತ್ತಿತ್ತು.

"ಅಡ್ಡಕೋಲು ಎಲ್ಲಿ, ಮಗಳೇ?"

"ನಾನಲ್ಲ ಪಪ್ಪ. ನಾನು ಮಲಗಿದ್ದೆ."

"ಸರಿ. ಎಲ್ಲಿ ಹಾಕಿದ್ದಿ ಹೇಳು, ಸಾಕು. ಪಪ್ಪ ಎಂತದೂ ಮಾಡುವುದಿಲ್ಲ."

"ನಾನಲ್ಲ."

ಅವರು ನನ್ನನ್ನು ನೋಡಿದರು. ಆಗಲಾದರೂ ಹೇಳಬಹುದಿತ್ತು. "ಕಿಟಕಿಯಿಂದ ಕೆಳಗೆ ಹಾಕಿರಬೇಕು" ಎಂದೆ. ಇದು ಸುಳ್ಳು, ಇದಕ್ಕೆ ಯಾವ ನೆಪವೂ ಇಲ್ಲ. ಅವರು ಕೆಳಗಿಳಿದು ಕಟ್ಟಡದ ಸುತ್ತ, ಕಾರುಗಳ ಅಡಿಯಲ್ಲಿ, ಬಗ್ಗಿ ಬಗ್ಗಿ ಹುಡುಕಿದ್ದನ್ನು ನಾನು ಅದೇ ಕಿಟಕಿಯಿಂದ ನೋಡಿದೆ. ಹಾರಿಸ್ ಕೂಡ ಅವರೊಡನೆ ಹುಡುಕುತ್ತಿದ್ದ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಅಜ್ಜ ಕೋಪದವರಲ್ಲ. ನನಗೆ ನಾಚಿಕೆ ಆಯಿತು. ಖರ್ಜೂರ ಹಿಡಿದು ಬಂದ ಮುದುಕನಿಗೆ ಹೆದರಿ ಹೀಗೆ ಮಾಡಿದೆ ಎಂದು ಹೇಳಲು ನಾಚಿಕೆ. ನಾಳೆ ಹೇಳುತ್ತೇನೆ ಎಂದು ಮೊದಲ ದಿನ ಅಂದುಕೊಂಡೆ. ಮೂರನೆಯ ದಿನ ನಿಮ್ಮ ಮಮ್ಮಿ ನಾನು ಪಾತ್ರೆ ತಿಕ್ಕುವಲ್ಲಿ ಬಂದು ನಿಂತಳು.

"ಅಮ್ಮ, ನಾನು ನಿದ್ದೆಯಲ್ಲಿ ಎದ್ದು ಮಾಡಿದೆನಾ?"

ನಲ್ಲಿಯ ನೀರು ಬಿಟ್ಟಿತ್ತು. "ಆದದ್ದು ಆಯಿತು, ಹೋಗಲಿ ಬಿಡು" ಎಂದೆ.

ಅವಳಿಗೆ ಅದೇ ಉತ್ತರವಾಯಿತು. ಆರು ವರ್ಷದ ಮಗು ಬೇರೆ ಹೇಗೆ ತಿಳಿದುಕೊಳ್ಳಬೇಕು?

ಅಜ್ಜ ಮತ್ತೆ ಅವಳನ್ನು ಕಪ್ತಾನ ಎಂದು ಕರೆಯಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಹಡಗಿನ ಕೆಲಸ ನಿಂತಿತು, ಹೆಸರೂ ನಿಂತಿತು. ಪುನಃ ಕಟ್ಟಿ ಎಂದು ಒಮ್ಮೆ ನಾನೇ ಹೇಳಿದೆ, ಎಷ್ಟು ಧೈರ್ಯ ನನಗೆ. "ಕಂಬ ಮಾಡಬಹುದು. ಆ ಹದಿನೈದು ಕೋಲು ಇನ್ನೊಮ್ಮೆ ಕೆರೆಯುವ ತಾಳ್ಮೆ ಇಲ್ಲ" ಎಂದರು. ಅವರ ಬೆನ್ನ ಹಿಂದೆ ಮೂರು ಮಾರು ದೂರದಲ್ಲಿ ಅಕ್ಕಿಯ ಡಬ್ಬಿ ಇತ್ತು.

ಎರಡು ವರ್ಷ ಕಳೆದು ರಜೆಯಲ್ಲಿ ಊರಿಗೆ ಬಂದಾಗ ಇಗರ್ಜಿಗೆ, ಪಾದ್ರಿಯ ಹತ್ತಿರ ಪಾಪನಿವೇದನೆಗೆ ಹೋದೆ. ಜಿದ್ದಾದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. "ಸುಳ್ಳು ಹೇಳಿದ್ದೇನೆ ಫಾದರ್" ಎಂದೆ. ಯಾರ ಮೇಲೆ, ಯಾವ ಸುಳ್ಳು ಎಂದು ಹೇಳಲಿಲ್ಲ. ಅವರು ಮೂರು ಸಲ ನಮಾನ್ ಮರಿಯೆ ಪ್ರಾರ್ಥನೆ ಹೇಳು ಎಂದರು. ಹೇಳಿದೆ. ಸುಲಭದಲ್ಲಿ ಮುಗಿಯಿತು. ಹೊರಗೆ ನಿಮ್ಮ ಮಮ್ಮಿ ನನಗಾಗಿ ಮೆಟ್ಟಿಲಲ್ಲಿ ಕಾಯುತ್ತಿದ್ದಳು.

ಪೂರ್ತಿಯಾಗಿ ಊರಿಗೆ ಹಿಂದಿರುಗಿದಾಗ ಅಜ್ಜ ಹಡಗಿನ ಮೈಯನ್ನು ಟವೆಲಿನಲ್ಲಿ ಸುತ್ತಿ ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಅಡ್ಡಕೋಲುಗಳು ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಬಂದವು. ಒಂದೇ ವಿಮಾನ. ಅವರು ತೀರಿಕೊಂಡು ಈಗ ಒಂಬತ್ತು ವರ್ಷ. ಕೊನೆಯವರೆಗೂ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೇನೋ ಎಂದು ಹೇಳಿ ನನ್ನನ್ನು ಸಮಾಧಾನ ಮಾಡಬೇಡಿ. ಗೊತ್ತಿದ್ದರೆ ಮಗಳನ್ನು ಕಪ್ತಾನ ಎಂದು ಕರೆಯದೆ ಬಿಡುವವರಲ್ಲ ಅವರು.

ಈಗ ನಿಮಗೆ ಒಂದು ವಿಷಯ ಅರ್ಥವಾಗಬೇಕು. ನಿಮ್ಮ ಮಮ್ಮಿ ದಿನಾ ಮಲಗುವ ಮೊದಲು ಮನೆಯ ಕತ್ತರಿ, ಚೂರಿಗಳನ್ನೆಲ್ಲ ಅಲಮಾರಿಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಪಪ್ಪನಿಗೆ ಕೊಡುತ್ತಾಳೆ. ನೀವು ಅದಕ್ಕೆ ಅವಳನ್ನು ತಮಾಷೆ ಮಾಡುತ್ತೀರಿ, ಕಳ್ಳರಿಗೆ ಈರುಳ್ಳಿ ಹೆಚ್ಚಲೂ ಬಿಡುವುದಿಲ್ಲ ಎಂದು. ಮದುವೆಯಾದ ಹೊಸತರಲ್ಲೇ ಅವಳು ನಿಮ್ಮ ಪಪ್ಪನಿಗೆ ಹೇಳಿದ್ದಳಂತೆ, ನನಗೆ ನಿದ್ದೆಯಲ್ಲಿ ಎದ್ದು ಹಾಳು ಮಾಡುವ ಅಭ್ಯಾಸ ಉಂಟು ಎಂದು. ಇದನ್ನು ಹೋದ ವಾರ ನಿಮ್ಮ ಪಪ್ಪ ಏನೋ ಮಾತಿನ ನಡುವೆ ನನಗೆ ಹೇಳಿದರು. "ಇಷ್ಟು ವರ್ಷದಲ್ಲಿ ಒಮ್ಮೆಯೂ ಎದ್ದದ್ದು ನಾನು ನೋಡಲಿಲ್ಲ ಅತ್ತೆ" ಎಂದು ನಕ್ಕರು. ನಾನು ಎದ್ದು ಒಳಗೆ ಹೋದೆ. ಈ ನೋಟುಬುಕ್ಕು ತೆಗೆದದ್ದು ಆಮೇಲೆ.

ಇಲ್ಲಿಯವರೆಗೆ ಬರೆದು, ಮೊದಲು ಓದಬೇಕಾದವರು ನೀವಲ್ಲ ಎಂದು ತೋರಿತು. ನಿನ್ನೆ ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ, ನೀವು ಆಟಕ್ಕೆ ಹೋಗಿದ್ದಾಗ ಇದನ್ನು ನಿಮ್ಮ ಮಮ್ಮಿಯ ಕೈಗೆ ಕೊಟ್ಟೆ. ಪೆಟಿಕೋಟಿನ ಗಂಟನ್ನೂ ಕೊಟ್ಟೆ. ಅವಳು ಊಟದ ಮೇಜಿನಲ್ಲಿ ಕೂತು ಓದಿದಳು. ನಾನು ನಿಂತೇ ಇದ್ದೆ. ಓದಿ ಆದ ಮೇಲೆ ಗಂಟು ಬಿಚ್ಚಿ ಕೋಲುಗಳನ್ನು ಒಂದೊಂದಾಗಿ ಸಾಲಿಟ್ಟಳು, ದೊಡ್ಡದು ಕೆಳಗೆ, ಸಣ್ಣದು ಮೇಲೆ, ಮೂರು ಸಾಲು. ನಂಬರು ನೋಡುವ ಮೊದಲೇ ಯಾವುದು ಎಲ್ಲಿಗೆ ಎಂದು ಅವಳಿಗೆ ಗೊತ್ತಿತ್ತು.

"ಹದಿನೈದೂ ಉಂಟು" ಎಂದಳು. ಕೊನೆಯ ಕೋಲನ್ನು ನೇರ ಮಾಡುತ್ತಾ, "ಪಪ್ಪ ಕಾರಿನಡಿ ಹುಡುಕುವಾಗ ನಾನೂ ಕಿಟಕಿಯಲ್ಲಿದ್ದೆ ಅಮ್ಮ. ನಿಮ್ಮ ಬದಿಯಲ್ಲೇ" ಎಂದಳು. ಇದು ನನಗೆ ನೆನಪಿರಲಿಲ್ಲ.

ಆಮೇಲೆ ಅವಳು ಎದ್ದಳು. ಅಕ್ಕಿ ತೊಳೆಯಲು ಹೋದಳು. ನಾನು ಕ್ಷಮೆ ಕೇಳಿದ್ದು ಅವಳ ಬೆನ್ನಿಗೆ. ಕೇಳಿಸಿತೋ ಇಲ್ಲವೋ, ಕುಕ್ಕರಿನ ಶಬ್ದ ಇತ್ತು.

ಇಂದು ಬೆಳಿಗ್ಗೆ ನಿಮ್ಮಲ್ಲಿ ದೊಡ್ಡವನ ಅಂಗಿಗೆ ಗುಂಡಿ ಹೊಲಿಯಲು ಕೂತೆ. ನೂಲು ಕಡಿಯಲು ಕತ್ತರಿ ಬೇಕಾಯಿತು. ಮೇಜಿನ ಮೇಲೆ ನೋಡಿದೆ, ಹೊಲಿಗೆಯ ಡಬ್ಬಿಯಲ್ಲಿ ನೋಡಿದೆ. ಇರಲಿಲ್ಲ. ನಿನ್ನೆ ರಾತ್ರಿಯೂ ನಿಮ್ಮ ಮಮ್ಮಿ ಕೊಟ್ಟಿದ್ದ ಬೀಗದ ಕೈಯನ್ನು ನಿಮ್ಮ ಪಪ್ಪ ಕಿಸೆಯಿಂದ ತೆಗೆದು ಕೊಟ್ಟರು.